ನೆಮೊತೊ ಸಾನ್ ಬಗ್ಗೆ ನಾನು ಹೇಳಿದ್ದು

ತ್ಸುಕುಬಾ
೧೮ ಏಪ್ರಿಲ್ ೨೦೨೧

ಪ್ರೀತಿಯ ಅಣ್ಣ,

ಫೋನ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು ಅದಕ್ಕೆ ಮೂರು ಉತ್ತರ ಕೊಟ್ಟಿರುತ್ತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಕೊರೋನಾ ಅಂತ ನಮ್ಮ ಸಂಸ್ಥೆಯಲ್ಲಿ ದಿನ ಬಿಟ್ಟು ದಿನ ಮಾತ್ರ ಲ್ಯಾಬಿಗೆ ಬಿಡುತ್ತಿದ್ದಾರೆ. ನನ್ನ ಭತ್ತದ ಸಸಿಗಳೇ ನನಗಿಂತ ಆರಾಮವಾಗಿವೆ.

ವಿಷಯ ಏನೆಂದರೆ, ಮೊನ್ನೆ ನನ್ನ ಮನೆಗೆ ಪೊಲೀಸರು ಬಂದಿದ್ದರು. ಗಾಬರಿಯಾಗಬೇಡ, ಪಕ್ಕದ ಮನೆಯ ನೆಮೊತೊ ಸಾನ್ ಬಗ್ಗೆ ವಿಚಾರಿಸಲು ಬಂದದ್ದು. ಎಪ್ಪತ್ತನಾಲ್ಕು ವರ್ಷ, ಅಂಚೆ ಕಚೇರಿಯಿಂದ ನಿವೃತ್ತರಾದವರು. ಬೆಟ್ಟದ ಕಡೆಯಿಂದ ಕಾಡುಹಂದಿ ಇಳಿದು ಗೆಣಸಿನ ಹೊಲ ಅಗೆದರೆ ರೈತರು ಅವರಿಗೇ ಹೇಳಿಕಳಿಸುತ್ತಾರೆ. ಅವರ ಹತ್ತಿರ ಬೇಟೆ ಬಂದೂಕು ಇದೆ. ಅದರ ಪರವಾನಗಿಯನ್ನು ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಆಗ ಪೊಲೀಸರು ಅಕ್ಕಪಕ್ಕದ ಮನೆಗಳಿಗೆ ಹೋಗಿ, ಈ ಮನುಷ್ಯನ ಕೈಯಲ್ಲಿ ಬಂದೂಕು ಇರಬಹುದೇ ಎಂದು ಕೇಳುತ್ತಾರೆ. ಪರದೇಶದವಳಾದ ನನ್ನನ್ನೂ ಕೇಳಿದರು!

ಇಬ್ಬರು ಬಂದಿದ್ದರು. ದೊಡ್ಡವರು ಬಾಗಿಲಲ್ಲೇ ನಿಂತು ಕೇಳುವುದು, ಚಿಕ್ಕವರು ಬರೆದುಕೊಳ್ಳುವುದು. ಜಗಳ ಆಡ್ತಾರಾ? ಕುಡೀತಾರಾ? ಇತ್ತೀಚೆಗೆ ಮಂಕಾಗಿದ್ದಾರಾ? ನನಗೆ ಮಾಸ್ಕಿನೊಳಗೇ ನಗು. ಮೈಸೂರಿನ ನಮ್ಮ ಸರಸ್ವತಿಪುರಂನಲ್ಲಿ ಗಂಡು ಹೇಗೆ ಎಂದು ವಿಚಾರಿಸಲು ಹೆಣ್ಣಿನ ಕಡೆಯವರು ನೆರೆಮನೆ ಬಾಗಿಲು ತಟ್ಟುತ್ತಿದ್ದರಲ್ಲ, ಥೇಟ್ ಹಾಗೆಯೇ. ಅಮ್ಮ ಇದ್ದಾಗ ಬಂದವರಿಗೆ ಕಾಫಿ ಕೊಟ್ಟು "ಚಿನ್ನದಂಥ ಹುಡುಗ" ಎಂದು ಹೇಳಿ ಕಳಿಸುತ್ತಿದ್ದಳು. ಯಾರ ಮಗನಾದರೂ ಸರಿ. ಇನ್ನೊಬ್ಬರ ಮದುವೆಗೆ ಕಲ್ಲು ಹಾಕಬಾರದು ಎನ್ನುವುದು ಅವಳ ಕಾನೂನು. ನಾನೂ ಅದನ್ನೇ ಪಾಲಿಸಿದೆ. ತುಂಬಾ ಒಳ್ಳೆಯವರು, ಯಾವಾಗಲೂ ನಗುನಗುತ್ತಾ ಇರುತ್ತಾರೆ, ಕುಡಿಯುವುದು ಅಷ್ಟಕ್ಕಷ್ಟೇ, ನನಗೆ ತಂದೆಯ ಸಮಾನ ಎಂದೆಲ್ಲ ಹೇಳಿದೆ. ಅವರು ಬಗ್ಗಿ ನಮಸ್ಕರಿಸಿ ಹೋದರು.

ಪಾಪ, ಜನವರಿಯಲ್ಲಿ ಅವರ ಹೆಂಡತಿ ಫುಮಿಕೊ ಸಾನ್ ಕೊರೋನಾದಿಂದ ತೀರಿಕೊಂಡರು. ಈಗ ಮನೆಯಲ್ಲಿ ಅವರು ಮತ್ತು ನಾಯಿ, ಅಷ್ಟೇ. ಅಂಥವರ ಬಗ್ಗೆ ಇನ್ನೇನು ಹೇಳಲಿ?

ಅಪ್ಪನಿಗೆ ವ್ಯಾಕ್ಸಿನ್ ಹಾಕಿಸಿಕೊಳ್ಳಲು ನೀನೂ ಒಂದು ಮಾತು ಹೇಳು. ನನ್ನ ಮಾತು ಅವರ ಕಿವಿಗೆ ಹೋಗುವುದಿಲ್ಲ.

ಕಾತ್ಯಾಯಿನಿ

*

ಫುಕುವೋಕಾ
೨೭ ಏಪ್ರಿಲ್ ೨೦೨೧

ಕಾತಿ,

ನಿನ್ನ ಕಾಗದ ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ನಾನು ಎರಡು ವರ್ಷದಿಂದ ಪುಸ್ತಕ ಪುಸ್ತಕ ತಡಕಾಡುತ್ತಿರುವುದು ನಿನ್ನ ಮನೆ ಬಾಗಿಲಿಗೇ ಬಂದು ನಿಂತಿದೆಯಲ್ಲೇ!

ನಮ್ಮ ಯೋಜನೆಯ ವಿಷಯ ಹೇಳಿದಾಗಲೆಲ್ಲ ನೀನು ಆಕಳಿಸುತ್ತೀಯ. ಈಗ ಕಾಗದ, ಆಕಳಿಸಿದರೂ ನನಗೆ ಕಾಣುವುದಿಲ್ಲ. ಇಲ್ಲಿಯ ಒಂದು ಬೆಟ್ಟದೂರಿನಲ್ಲಿ ಚೀಟಿ ಎತ್ತಿ ನಲವತ್ತು ಜನರನ್ನು ಆರಿಸಿದ್ದೇವೆ. ರೈತರು, ದಾದಿಯರು, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯವರು, ಎಲ್ಲರೂ ಇದ್ದಾರೆ. ಮುಂದಿಟ್ಟಿರುವ ಪ್ರಶ್ನೆ ಒಂದೇ. ಹಂದಿ ಕಾಟ ಹೆಚ್ಚಾಗಿದೆ, ಬೇಟೆಗಾರರಿಗೆಲ್ಲ ವಯಸ್ಸಾಗಿದೆ. ಬಂದೂಕಿನ ಕಾನೂನು ಸಡಿಲ ಮಾಡಬೇಕೋ, ಬಿಗಿ ಮಾಡಬೇಕೋ, ಇದ್ದ ಹಾಗೇ ಇರಲೋ? ಮೊದಲು ಅಭಿಪ್ರಾಯ ಕೇಳುತ್ತೇವೆ, ಆಮೇಲೆ ಜೂಮಿನಲ್ಲಿ ಕೂರಿಸಿ ಚರ್ಚೆ ಮಾಡಿಸುತ್ತೇವೆ, ಕೊನೆಗೆ ಮತ್ತೆ ಕೇಳುತ್ತೇವೆ. ಮಾತಾಡಿದ ಮೇಲೆ ಜನ ಬದಲಾಗುತ್ತಾರೆಯೇ ಎನ್ನುವುದೇ ನಮ್ಮ ಸಂಶೋಧನೆ. ಡಿಸೆಂಬರ್‌ನಲ್ಲಿ ಊರಿನ ಸಭಾಭವನದಲ್ಲಿ ಎಲ್ಲರ ಮುಂದೆ ವರದಿ ಇಡಬೇಕು.

ಈ ನೆರೆಮನೆ ವಿಚಾರಣೆಯನ್ನು ದಂಡದ ಕೆಲಸ ಎಂದು ಅರ್ಧ ಜನ ಬೈಯುತ್ತಾರೆ. ಅವರಿಗೆ ನಿನ್ನ ಕಥೆ ಹೇಳಬೇಕು. ಒಬ್ಬ ಬಾಡಿಗೆದಾರಳ, ಅದರಲ್ಲೂ ಪರದೇಶದವಳ ಮಾತಿಗೂ ಇಲ್ಲಿ ಬೆಲೆಯಿದೆ. ಪ್ರತಿ ಬಂದೂಕಿನ ಮೇಲೂ ನೆರೆಯವರಿಗೆ ಒಂದು ಮತವಿದೆ. ಪ್ರಜಾಪ್ರಭುತ್ವ ಅಂದರೆ ಇದು. ನಿನ್ನ ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಬಳಸಿಕೊಳ್ಳಲಾ?

ಅಪ್ಪನಿಗೆ ಹೇಳಿದೆ. "ಜನ ಕಮ್ಮಿ ಆಗ್ಲಿ, ಹೋಗ್ತೀನಿ" ಅಂದರು.

ಅಣ್ಣ ಶ್ರೀನಾಥ

*

ತ್ಸುಕುಬಾ
೬ ಜೂನ್ ೨೦೨೧

ಅಣ್ಣ,

ಅಪ್ಪ ಹೋಗಿ ಹದಿನೆಂಟು ದಿನವಾಯಿತು. ವಿಮಾನವಿಲ್ಲ, ಹೋದರೆ ವಾಪಸ್ ಬರಲು ಬಿಡುವುದಿಲ್ಲ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ನಿಜ. ನಿಜವಾದರೂ ಸಮಾಧಾನವಾಗುವುದಿಲ್ಲ. ಇಂದಿರಾ ಚಿಕ್ಕಮ್ಮ ಫೋನ್ ಹಿಡಿದು ತೋರಿಸಿದ ಆ ಮೂರು ನಿಮಿಷದಲ್ಲಿ ಅಪ್ಪನ ಮುಖಕ್ಕಿಂತ ಪ್ಲಾಸ್ಟಿಕ್ಕೇ ಹೆಚ್ಚು ಕಂಡಿತು. ನೀನು ಅಷ್ಟು ಹೊತ್ತೂ ನಿನ್ನ ಕ್ಯಾಮೆರಾ ಆಫ್ ಮಾಡಿಕೊಂಡಿದ್ದೆ.

ನಾಲ್ಕು ದಿನ ಮೊದಲು ನನಗೆ ಫೋನ್ ಮಾಡಿದಾಗ "ಪರವಾಗಿಲ್ಲ ಕಣೇ, ಸ್ವಲ್ಪ ಕೆಮ್ಮು" ಅಂದಿದ್ದರು. ನಾನು ನಂಬಿದೆ. ನಂಬಿಕೊಂಡರೆ ನನಗೆ ಅನುಕೂಲ ಇತ್ತು, ಅದಕ್ಕೆ ನಂಬಿದೆ.

ಸುದ್ದಿ ತಿಳಿದು ನೆಮೊತೊ ಸಾನ್ ಬಂದರು. ಅಪ್ಪನ ಫೋಟೋ ಮುಂದೆ ಊದುಬತ್ತಿ ಹಚ್ಚಿ ಬಹಳ ಹೊತ್ತು ಕೂತಿದ್ದರು. ಹೊರಡುವಾಗ ಹೇಳಿದರು: "ನೀವು ಫೋನಲ್ಲಾದ್ರೂ ಮುಖ ನೋಡಿದ್ರಿ. ನನಗೆ ಫುಮಿಕೊನ ತೋರಿಸ್ಲೇ ಇಲ್ಲ. ಆಸ್ಪತ್ರೆಗೆ ನಡ್ಕೊಂಡು ಹೋದ್ಳು. ಒಂದು ವಾರಕ್ಕೆ ಮನೆ ಬಾಗಿಲಿಗೆ ಅಸ್ಥಿ ಡಬ್ಬಿ ತಂದಿಟ್ರು."

ನನ್ನ ಪೊಲೀಸ್ ಕಥೆಯನ್ನು ನಿನ್ನ ಸಭೆಯಲ್ಲಿ ಬಳಸಬೇಡ. ಯಾಕೆ ಎಂದು ಕೇಳಬೇಡ.

ಕಾತ್ಯಾಯಿನಿ

*

ಫುಕುವೋಕಾ
೧೧ ಜುಲೈ ೨೦೨೧

ಕಾತಿ,

ನಿನ್ನ ಕಾಗದ ಬರುವ ಮೊದಲೇ ಬಳಸಿಬಿಟ್ಟಿದ್ದೆ. ಕೋಪ ಮಾಡಿಕೊಳ್ಳಬೇಡ. ಕೇಳಿದರೆ ನಿನಗೂ ಖುಷಿಯಾಗುತ್ತದೆ. ಮೊದಲ ಸುತ್ತಿನಲ್ಲಿ ನೆರೆಮನೆ ವಿಚಾರಣೆ ಉಪಯೋಗವಿಲ್ಲ ಎಂದವರು ಇಪ್ಪತ್ತೆರಡು ಜನ. ನಿನ್ನ ಕಥೆ ಕೇಳಿದ ಮೇಲೆ ಅವರು ಒಂಬತ್ತಕ್ಕೆ ಇಳಿದರು! ಒಬ್ಬ ಅಜ್ಜಿ ಮೈಕ್ ಆನ್ ಮಾಡಿ, ಪರದೇಶದ ಹುಡುಗಿಗೆ ತಂದೆಯಂತಿರುವ ಮನುಷ್ಯ ಎಷ್ಟು ಪುಣ್ಯವಂತ ಎಂದರು. ನಮ್ಮ ಪ್ರೊಫೆಸರ್ ಆಮೇಲೆ ಫೋನ್ ಮಾಡಿ, "ಶ್ರೀನಾಥ ಸಾನ್, ವರದಿಯ ಮೊದಲ ಪುಟದಲ್ಲೇ ಇದು ಬರಲಿ" ಎಂದರು. ಮಾರ್ಚ್‌ಗೆ ನನ್ನ ಕೆಲಸದ ಒಪ್ಪಂದ ಮುಗಿಯುತ್ತದೆ, ನಿನಗೆ ಗೊತ್ತೇ ಇದೆ.

ಅಪ್ಪನ ವಿಷಯ ಬರೆಯಬೇಡ. ಬರೆದರೆ ಕೆಲಸ ಸಾಗುವುದಿಲ್ಲ.

ಅಣ್ಣ

*

ತ್ಸುಕುಬಾ
೧೭ ಅಕ್ಟೋಬರ್ ೨೦೨೧

ಅಣ್ಣ,

ಮೂರು ತಿಂಗಳು ಸುಮ್ಮನಿದ್ದೆ. ಸಿಟ್ಟಿನಿಂದ ಎಂದುಕೋ. ಪೂರ್ತಿ ಅದೂ ಅಲ್ಲ.

ಗುರುವಾರ ಆಯುಧಪೂಜೆ ಮಾಡಿದೆ. ಅಪ್ಪ ತೀರಿಕೊಂಡ ವರ್ಷ ಹಬ್ಬ ಮಾಡಬಾರದು ಎಂದು ಚಿಕ್ಕಮ್ಮ ಹೇಳಿದ್ದರು, ಆದರೂ ಮಾಡಿದೆ. ಅಂಗಳದಲ್ಲಿ ಸೈಕಲ್, ಲ್ಯಾಪ್‌ಟಾಪ್, ರೈಸ್ ಕುಕ್ಕರ್ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. ಬೂದುಗುಂಬಳ ಎಲ್ಲಿ ಸಿಗಬೇಕು? ಇಲ್ಲಿಯ ಹಸಿರು ಕುಂಬಳಕಾಯಿಗೇ ಕುಂಕುಮ ಇಟ್ಟೆ. ರಸ್ತೆಯಲ್ಲಿ ಒಡೆದರೆ ವಾರ್ಡಿನವರು ಕಸದ ನಿಯಮದ ಪುಸ್ತಕ ಹಿಡಿದು ಬರುತ್ತಾರೆಂದು ಹುಳಿ ಮಾಡಿಕೊಂಡು ತಿಂದೆ.

ಬೇಲಿಯಾಚೆಯಿಂದ ನೋಡುತ್ತಿದ್ದ ನೆಮೊತೊ ಸಾನ್ ಇದೇನೆಂದು ಕೇಳಿದರು. ನಮಗೆ ಅನ್ನ ಕೊಡುವ ಸಾಮಾನುಗಳಿಗೆ ಕೈಮುಗಿದು, ನಮ್ಮನ್ನು ನೋಯಿಸಬೇಡ ಎಂದು ಕೇಳಿಕೊಳ್ಳುವ ಹಬ್ಬ ಎಂದೆ. ಅವರು ಬಗ್ಗಿ ಸೈಕಲ್ಲಿನ ಕುಂಕುಮ ನೋಡಿದರು. ಆಮೇಲೆ, "ನಂದಕ್ಕೂ ಮಾಡ್ತೀರಾ? ಫುಮಿಕೊ ಇದ್ದಿದ್ರೆ ಖುಷಿ ಪಡ್ತಿದ್ಲು" ಎಂದು ನನ್ನನ್ನು ಮನೆಯೊಳಗೆ ಕರೆದರು. ಅವರ ಆಯುಧಕ್ಕೂ ಕುಂಕುಮ ಹಚ್ಚಿದೆ. ಅದನ್ನು ನನ್ನ ಕೈಗೇ ಕೊಟ್ಟು, ನನ್ನ ಫೋನಿನಲ್ಲೇ ಫೋಟೋ ತೆಗೆದರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದು ಅಂದೇ.

ಈಗ ಜೂನ್‌ನಲ್ಲಿ ಹೇಳದೆ ಬಿಟ್ಟಿದ್ದನ್ನು ಹೇಳುತ್ತೇನೆ. ನಾನು ಪೊಲೀಸರಿಗೆ ಸುಳ್ಳು ಹೇಳಿದೆ. ಇಲ್ಲಿ ಗಾಜಿನ ಬಾಟಲಿಗಳನ್ನು ಬುಧವಾರ ಅವರವರ ಡಬ್ಬದಲ್ಲಿ ಬೀದಿ ಮೂಲೆಗೆ ತಂದಿಡಬೇಕು. ಯಾರ ಮನೆಯಲ್ಲಿ ಎಷ್ಟು ಬಾಟಲಿ ಖಾಲಿಯಾಯಿತು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಫುಮಿಕೊ ಸಾನ್ ಹೋದ ಮೇಲೆ ಅವರ ಡಬ್ಬ ಪ್ರತಿ ವಾರ ತುಂಬಿ ಮೇಲೊಂದು ಚೀಲ ಇರುತ್ತಿತ್ತು. ಪೊಲೀಸರು ಬರುವ ಹಿಂದಿನ ವಾರ, ಬಟ್ಟೆ ಒಣಹಾಕುತ್ತಿದ್ದಾಗ, ಅವರು ಹೆಂಡತಿಯ ಪಟದ ಮುಂದೆ ಕೂತು "ಇನ್ನು ಸ್ವಲ್ಪ ದಿನ, ನಾನೂ ಬಂದ್ಬಿಡ್ತೀನಿ" ಎನ್ನುವುದು ನನ್ನ ಕಿವಿಗೆ ಬಿದ್ದಿತ್ತು. ಅಷ್ಟು ಜಪಾನೀಸ್ ನನಗೆ ಬರುತ್ತದೆ. ಆದರೂ ನಗುನಗುತ್ತಾ ಇರುತ್ತಾರೆ ಎಂದು ಹೇಳಿದೆ.

ನಮ್ಮ ಬೀದಿಯ ಜಲಜಾ ನೆನಪಿದ್ದಾಳಾ? ಮೂರನೇ ಮನೆಯ ಹುಡುಗ ಕುಡಿಯುತ್ತಾನೆಂದು ಗೊತ್ತಿದ್ದೂ ಅಮ್ಮ ಅವಳ ಅಪ್ಪನಿಗೆ ಚಿನ್ನದಂಥ ಹುಡುಗ ಎಂದಳು. ಎಂಟು ತಿಂಗಳಿಗೆ ಜಲಜಾ ಕೈ ಮುರಿಸಿಕೊಂಡು ತವರಿಗೆ ಬಂದಳು. ಅಮ್ಮ ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಏನು ಮಾಡಲಿ ಹೇಳು.

ಕಾತಿ

*

ಫುಕುವೋಕಾ
೩೦ ಅಕ್ಟೋಬರ್ ೨೦೨೧

ಕಾತಿ,

ಜಪಾನಿನ ಕುಡುಗೋಲಿಗೆ ಮೈಸೂರಿನ ಕುಂಕುಮ! ಓದಿ ನಗು ಬಂತು. ಆ ಫೋಟೋ ಕಳಿಸು, ನಮ್ಮ ಪ್ರೊಫೆಸರ್‌ಗೆ ತೋರಿಸುತ್ತೇನೆ.

ಇನ್ನು ನಿನ್ನ ಸುಳ್ಳಿನ ವಿಷಯ. ನೀನು ಸಣ್ಣದನ್ನು ದೊಡ್ಡದು ಮಾಡುತ್ತಿದ್ದೀಯ. ಹೆಂಡತಿ ಸತ್ತ ಗಂಡಸು ಕುಡಿಯುತ್ತಾನೆ, ಪಟದ ಮುಂದೆ ಮಾತಾಡುತ್ತಾನೆ. ಇಲ್ಲಿ ಎಲ್ಲರ ಮನೆಯಲ್ಲೂ ನಡೆಯುವುದು ಇದು. ಪೊಲೀಸರು ನಿನ್ನೊಬ್ಬಳನ್ನೇ ಕೇಳಿರುವುದಿಲ್ಲ. ನಾಲ್ಕು ಮನೆ ಕೇಳಿರುತ್ತಾರೆ, ವೈದ್ಯರ ಪ್ರಮಾಣಪತ್ರ ನೋಡಿರುತ್ತಾರೆ. ಒಬ್ಬಳ ಮಾತಿನಿಂದ ಇಡೀ ವ್ಯವಸ್ಥೆ ಬಿದ್ದುಹೋಗುವ ಹಾಗಿದ್ದರೆ ಅದು ವ್ಯವಸ್ಥೆಯೇ ಅಲ್ಲ.

ಡಿಸೆಂಬರ್ ಹದಿನೆಂಟಕ್ಕೆ ವರದಿಯ ಸಭೆ. ಅಲ್ಲಿಯವರೆಗೆ ನೀನು ಏನೂ ಮಾಡಬೇಡ. ಪೊಲೀಸರಿಗೆ ಸುಳ್ಳು ಹೇಳಿದೆ ಎಂದು ನೀನೇ ಹೋಗಿ ಒಪ್ಪಿಕೊಂಡರೆ ವೀಸಾ ಕಥೆ ಏನಾಗುತ್ತದೆ, ಯೋಚಿಸಿದ್ದೀಯಾ?

ಅಣ್ಣ

*

ತ್ಸುಕುಬಾ
೨೧ ನವೆಂಬರ್ ೨೦೨೧

ಅಣ್ಣ,

ಅದು ಕುಡುಗೋಲಲ್ಲ. ನಾನು ಹೆಸರಿಸಲಿಲ್ಲ, ನೀನು ಕೇಳಲಿಲ್ಲ. ಅದು ಬಂದೂಕು. ಪರವಾನಗಿ ಇದ್ದವರನ್ನು ಬಿಟ್ಟು ಇನ್ನೊಬ್ಬರು ಅದನ್ನು ಕೈಯಲ್ಲಿ ಹಿಡಿಯುವುದೂ ಇಲ್ಲಿ ಅಪರಾಧ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಈ ಕಾಗದವನ್ನು ಯಾರಿಗೂ ತೋರಿಸಬೇಡ.

ಹದಿನೈದನೇ ತಾರೀಖು ಬೇಟೆಯ ಕಾಲ ಶುರುವಾಯಿತು. ಪ್ರತಿ ವರ್ಷ ಅಂದು ಬೆಳಿಗ್ಗೆ ಐದಕ್ಕೇ ನೆಮೊತೊ ಸಾನ್ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ನಾಯಿ ಸಮೇತ ಹೊರಡುತ್ತಿದ್ದರು. ಈ ವರ್ಷ ಹೋಗಲಿಲ್ಲ. ನಾಯಿಯೂ ಇಲ್ಲ. ವಿಚಾರಿಸಿದರೆ, ಬೆಟ್ಟದಾಚೆಯ ಗೆಳೆಯನಿಗೆ ಕೊಟ್ಟೆ, ಅವರ ಮನೆಯಲ್ಲಿ ಜಾಗ ಹೆಚ್ಚು ಎಂದರು. ಬೇಟೆಗಾರ ಬೇಟೆಯ ತಿಂಗಳಲ್ಲಿ ನಾಯಿ ಕೊಡುತ್ತಾನಾ, ಅಣ್ಣ? ಮನೆ ಮುಂದೆ ಮಂಚ, ಬೀರು, ಹೊಲಿಗೆ ಯಂತ್ರ ಎಲ್ಲದಕ್ಕೂ ಕಸದವರು ಒಯ್ಯುವ ಚೀಟಿ ಅಂಟಿಸಿ ಇಟ್ಟಿದ್ದಾರೆ. ನಾನು ಒಂದು ವರ್ಷದಲ್ಲಿ ಅವರ ಮನೆಗೆ ಉಪ್ಪಿಟ್ಟು, ಚಿತ್ರಾನ್ನ ಕೊಟ್ಟ ಡಬ್ಬಿಗಳನ್ನೆಲ್ಲ ತೊಳೆದು, ಬಟ್ಟೆಯಲ್ಲಿ ಕಟ್ಟಿ, ಶುಕ್ರವಾರ ತಂದುಕೊಟ್ಟರು. ಬುಧವಾರದ ಬಾಟಲಿ ಡಬ್ಬ ಖಾಲಿ. ಕುಡಿಯುವುದನ್ನೂ ಬಿಟ್ಟಿದ್ದಾರೆ. ಮನಸ್ಸು ಗಟ್ಟಿ ಮಾಡಿಕೊಂಡವರ ಹಾಗೆ ಶಾಂತವಾಗಿದ್ದಾರೆ. ನನಗೆ ಭಯವಾಗುತ್ತಿದೆ.

ಎದುರಿಗೇ ಕೇಳಿದೆ. "ದಾಯಿಜೋಬು, ದಾಯಿಜೋಬು" ಎಂದು ಕೈ ಆಡಿಸಿದರು. ಪರವಾಗಿಲ್ಲ, ಪರವಾಗಿಲ್ಲ. ಅಪ್ಪನೂ ಇದನ್ನೇ ಹೇಳಿದ್ದು.

ನಿನ್ನೆ ಪೊಲೀಸ್ ಠಾಣೆಗೂ ಹೋದೆ. ಬಂದೂಕು ಹಿಡಿದದ್ದೊಂದನ್ನು ಬಿಟ್ಟು, ನನಗೆ ಬರುವ ಜಪಾನೀಸ್‌ನಲ್ಲಿ ಎಲ್ಲ ಹೇಳಿದೆ. ಏಪ್ರಿಲ್‌ನಲ್ಲಿ ಬಂದಿದ್ದ ಅದೇ ದೊಡ್ಡವರು ಇದ್ದರು. ಕಡತ ತೆಗೆದು ನಾನು ಹೇಳಿದ್ದನ್ನು ನನಗೇ ಓದಿ ತೋರಿಸಿದರು. ತುಂಬಾ ಒಳ್ಳೆಯವರು, ಯಾವಾಗಲೂ ನಗುತ್ತಾರೆ, ತಂದೆಯ ಸಮಾನ. "ಆಗ ಹೀಗೆ ಹೇಳಿದ್ರಿ. ಈಗ ಏನಾದ್ರೂ ಜಗಳ ಆಯ್ತಾ ಅವರ ಜೊತೆ?" ಎಂದು ಮೃದುವಾಗಿ ಕೇಳಿದರು. ಮನೆ ಸಾಮಾನು ಖಾಲಿ ಮಾಡುವುದು ಅಪರಾಧವಲ್ಲ, ನಾಯಿ ಕೊಡುವುದೂ ಅಲ್ಲ. ಸಂಜೆಯೇ ಒಂದು ಸಲ ಹೋಗಿ ಮಾತಾಡಿಸಿದರಂತೆ. ಚಹಾ ಕೊಟ್ಟು ಚೆನ್ನಾಗಿ ಮಾತಾಡಿದರಂತೆ. ಅಲ್ಲಿಗೆ ಮುಗಿಯಿತು.

ನನ್ನ ಮಾತೇ ನನಗೆ ಅಡ್ಡ ನಿಂತಿದೆ. ನಿನಗೆ ಭಾಷೆ ಚೆನ್ನಾಗಿ ಬರುತ್ತದೆ, ವಿಶ್ವವಿದ್ಯಾಲಯದ ಹೆಸರಿದೆ, ಇದೇ ಕಾನೂನು ಓದಿದ್ದೀಯ. ಒಂದು ದಿನ ಬಾ. ಬರಲಾಗದಿದ್ದರೆ ಠಾಣೆಗೆ ಫೋನ್ ಮಾಡಿ ಗಟ್ಟಿಯಾಗಿ ಹೇಳು. ನಿನ್ನ ಕಾಲಿಗೆ ಬೀಳುತ್ತೇನೆ ಅಣ್ಣ. ಇನ್ನೊಬ್ಬರನ್ನು ಡಬ್ಬಿಯಲ್ಲಿ ನೋಡಲು ನನ್ನಿಂದಾಗುವುದಿಲ್ಲ.

ಕಾತಿ

*

ಫುಕುವೋಕಾ
೨೫ ನವೆಂಬರ್ ೨೦೨೧

ಕಾತಿ,

ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಜೊತೆಗಿರುವ ಚೀಟಿಯಲ್ಲಿ ಸಹಾಯವಾಣಿಯ ನಂಬರ್ ಇದೆ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೂ ತಿಳಿಸು.

ಹದಿನೆಂಟರವರೆಗೆ ನಾನು ಬರಲಾರೆ. ಠಾಣೆಗೆ ಫೋನ್ ಮಾಡಿದರೆ ನಾನು ಯಾರು, ನಿನಗೇನಾಗಬೇಕು ಎಂದೆಲ್ಲ ದಾಖಲಾಗುತ್ತದೆ. ವರದಿಯ ಮೊದಲ ಪುಟ ಅಚ್ಚಾಗಿದೆ. ಆ ಮೊದಲ ಪುಟ ಸುಳ್ಳು ಎಂದು ಈಗ ಹೇಳಿದರೆ ನಲವತ್ತು ಜನರ ಒಂದು ವರ್ಷದ ಮಾತುಕತೆಯೂ ಸುಳ್ಳಾಗುತ್ತದೆ. ಹತ್ತೊಂಬತ್ತನೇ ತಾರೀಖು ಮೊದಲ ವಿಮಾನ ಹಿಡಿದು ಬರುತ್ತೇನೆ, ಆಣೆಯಿಟ್ಟು ಹೇಳುತ್ತೇನೆ. ಮೂರು ವಾರ, ಅಷ್ಟೇ.

ಆ ಫೋಟೋ ಅಳಿಸಿಬಿಡು.

ಅಣ್ಣ

*

ತ್ಸುಕುಬಾ
೩ ಡಿಸೆಂಬರ್ ೨೦೨೧

ಅಣ್ಣ,

ಫೋಟೋ ಅಳಿಸಲಿಲ್ಲ.

ಸಹಾಯವಾಣಿಯವರು ಒಳ್ಳೆಯವರು. ಅವರೇ ಬಂದು ಮಾತಾಡಿಸಲು ನೆಮೊತೊ ಸಾನ್ ಒಪ್ಪಬೇಕು ಎಂದರು. ಆರೋಗ್ಯ ಕೇಂದ್ರದಿಂದ ಒಬ್ಬರು ಬಂದರು. ಅವರಿಗೂ ಚಹಾ ಸಿಕ್ಕಿತು. ನಿನ್ನೆ ಬೆಳಿಗ್ಗೆ ನೆಮೊತೊ ಸಾನ್ ಬಂದು, ಮನೆಯ ಇನ್ನೊಂದು ಬೀಗದ ಕೈ ನನಗೆ ಕೊಟ್ಟರು. "ಸೋಮವಾರ ಅಂಗಳದ ಗಿಡಕ್ಕೆ ನೀರು ಹಾಕ್ಬೇಕಾಗ್ಬಹುದು. ತೊಂದರೆ ಕೊಡ್ತಿದ್ದೀನಿ, ಸುಮಿಮಾಸೆನ್, ಕ್ಷಮಿಸಿ" ಎಂದರು. ಎಲ್ಲಿಗೆ ಹೊರಟಿದ್ದೀರಿ ಎಂದರೆ, ದೂರ ಏನಲ್ಲ ಎಂದರು.

ಬೀಗದ ಕೈ ಹಿಡಿದುಕೊಂಡೇ ಠಾಣೆಗೆ ಸೈಕಲ್ ತುಳಿದೆ. ಅವರ ಮನಸ್ಸಿನ ವಿಷಯ ಒಂದು ಮಾತೂ ಎತ್ತಲಿಲ್ಲ. ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಅಕ್ಟೋಬರ್ ಹದಿನಾಲ್ಕರಂದು ನಾನು ಪರವಾನಗಿಯಿಲ್ಲದೆ ಬಂದೂಕು ಹಿಡಿದಿದ್ದೆ, ನೆಮೊತೊ ಸಾನ್ ನನ್ನ ಕೈಗೆ ಕೊಟ್ಟರು, ಅವರೇ ಫೋಟೋ ತೆಗೆದರು ಎಂದೆ. ಅವರ ಸಂಕಟ ಹೇಳಿದಾಗ ಚಹಾ ಕುಡಿದು ಬಂದವರು ಇದನ್ನು ಕೇಳಿದ ಕೂಡಲೇ ಎದ್ದು ನಿಂತರು. ಅರ್ಧ ಗಂಟೆಯಲ್ಲಿ ಎರಡು ಕಾರು ನಮ್ಮ ಬೀದಿಯಲ್ಲಿದ್ದವು.

ಗುರುತು ಹೇಳಲು ನನ್ನನ್ನೂ ಮನೆಯೊಳಗೆ ಕರೆದರು. ಕಬ್ಬಿಣದ ಪೆಟ್ಟಿಗೆಯಿಂದ ಬಂದೂಕು ತೆಗೆದರು. ಹಿಡಿಯ ಮೇಲೆ ನನ್ನ ಕುಂಕುಮ ಹಾಗೇ ಇತ್ತು. ಒರೆಸಿರಲಿಲ್ಲ, ಅಣ್ಣ. ಗುಂಡುಗಳನ್ನು ಲೆಕ್ಕದಂತೆ ಬೇರೆ ಪೆಟ್ಟಿಗೆಯಲ್ಲಿಡಬೇಕು. ಒಂದು ಕಡಿಮೆ ಬಂತು. ಹುಡುಕಿದರು. ಫುಮಿಕೊ ಸಾನ್ ಪಟದ ಕೆಳಗಿನ ಡ್ರಾಯರಿನಲ್ಲಿ, ಕರ್ಚೀಫಿನಲ್ಲಿ ಸುತ್ತಿ ಇಟ್ಟಿದ್ದರು. ಆ ದೊಡ್ಡ ಪೊಲೀಸಿನವರು ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

ನೆಮೊತೊ ಸಾನ್ ಪೊಲೀಸರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. "ಆ ಫೋಟೋ ನಿಮಗೆ ಅಂತ ತೆಗೆದಿದ್ದೆ" ಎಂದರು. ಅಷ್ಟೇ.

ಇನ್ನು ಅವರಿಗೆ ಪರವಾನಗಿ ಸಿಗುವುದಿಲ್ಲ. ನನ್ನಿಂದ ನಾಲ್ಕು ಪುಟ ತಪ್ಪೊಪ್ಪಿಗೆ ಬರೆಸಿಕೊಂಡಿದ್ದಾರೆ, ಮತ್ತೆ ಕರೆಯುತ್ತಾರಂತೆ. ವೀಸಾ ಏನಾಗುತ್ತದೋ ಗೊತ್ತಿಲ್ಲ. ಅವರು ನನ್ನನ್ನು ನಂಬಿ ನನ್ನ ಕೈಗೆ ಕೊಟ್ಟಿದ್ದನ್ನೇ ಹಿಡಿದು ಅವರನ್ನು ಪೊಲೀಸರಿಗೆ ಒಪ್ಪಿಸಿದೆ. ಅವರನ್ನು ಉಳಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ನೀನು ಬರಬಹುದಿತ್ತು.

ಹದಿನೆಂಟಕ್ಕೆ ನಿನ್ನ ಮೊದಲ ಪುಟ ಓದು. ಚೆನ್ನಾಗಿ ಓದು.

ಕಾತ್ಯಾಯಿನಿ

*

ಫುಕುವೋಕಾ
೧೯ ಡಿಸೆಂಬರ್ ೨೦೨೧

ಕಾತಿ,

ನಾಳೆ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೇನೆ. ಇವತ್ತೇ ಬರುತ್ತೇನೆ ಎಂದು ಆಣೆಯಿಟ್ಟಿದ್ದೆ. ಒಂದು ದಿನ ಬೇಕೇ ಬೇಕಾಯಿತು. ಇದನ್ನು ಬರೆಯದೆ ನಿನ್ನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಕಾಗದವನ್ನು ನಾನೇ ತಂದು ಕೊಡುತ್ತೇನೆ. ನೀನು ಓದುವಷ್ಟು ಹೊತ್ತು ಹೊರಗೆ ನಿಂತಿರುತ್ತೇನೆ.

ಸಭಾಭವನದಲ್ಲಿ ನೂರು ಜನ ಇದ್ದರು. ಎಲ್ಲರಿಗೂ ಮಾಸ್ಕ್, ಒಂದು ಬಿಟ್ಟು ಒಂದು ಕುರ್ಚಿ. ಮೊದಲ ಪುಟ ಓದಿದೆ. ಚಪ್ಪಾಳೆ ಬಂತು. ಆಗ ಆ ಅಜ್ಜಿ, ಜುಲೈ ಕಾಗದದಲ್ಲಿ ಬರೆದಿದ್ದೆನಲ್ಲ, ಅವರು ಎದ್ದು ನಿಂತು ಕೇಳಿದರು: "ಆ ಮನುಷ್ಯ ಈಗ ಹೇಗಿದ್ದಾರೆ?" ಇಷ್ಟು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಬಾಯಲ್ಲಿ "ಚೆನ್ನಾಗಿದ್ದಾರೆ" ಎನ್ನುವ ಮಾತು ತಯಾರಾಗಿತ್ತು. ಹೇಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನನ್ನ ತಂಗಿ ಎಂದೂ ಹೇಳಿದೆ. ಬರಲು ಕರೆದಾಗ ನಾನು ಹೋಗಲಿಲ್ಲ ಎಂದೂ ಹೇಳಿದೆ.

ಆಮೇಲೆ ನಡೆದದ್ದೇ ನಿಜವಾದ ಚರ್ಚೆ. ಒಬ್ಬ ರೈತ, ಹಾಗಾದರೆ ನೆರೆಯವರನ್ನು ಕೇಳುವುದೇ ದಂಡ ಎಂದು ಕೂಗಿದ. ಇನ್ನೊಬ್ಬ, ಪರದೇಶದವರನ್ನು ಕೇಳಿದ್ದೇ ತಪ್ಪು ಎಂದ. ಅವನ ಮೇಲೆ ನಾಲ್ಕು ಜನ ಬಿದ್ದರು. ಕೊನೆಗೆ ಅಜ್ಜಿ ಹೇಳಿದರು: "ಒಳ್ಳೆಯವನಾ ಅಂತ ಕೇಳಿದ್ರೆ ಯಾರು ಇಲ್ಲ ಅಂತಾರೆ? ಅವನ ಜೊತೆ ಕೂತು ಕೊನೇ ಸಲ ಊಟ ಮಾಡಿದ್ದು ಯಾವಾಗ ಅಂತ ಕೇಳಿ. ಅದಕ್ಕೆ ಸುಳ್ಳು ಹೇಳೋದು ಕಷ್ಟ." ಅದನ್ನು ವರದಿಗೆ ಸೇರಿಸಬೇಕೆಂದು ಜನ ಕೈ ಎತ್ತಿದರು. ಎಷ್ಟು ಕೈ ಎಂದು ನಾನು ಎಣಿಸಲಿಲ್ಲ. ಪ್ರೊಫೆಸರ್ ನನ್ನ ಜೊತೆ ಮಾತಾಡದೆ ಕಾರು ಹತ್ತಿದರು.

ಇನ್ನೊಂದು ಇದೆ. ಅಪ್ಪ ಆ ನಾಲ್ಕು ದಿನದಲ್ಲಿ ನನಗೂ ಫೋನ್ ಮಾಡಿದ್ದರು. ಹೋಗುವ ಹಿಂದಿನ ಸಂಜೆ. ಆಗ ಜೂಮಿನಲ್ಲಿ ನಲವತ್ತು ಜನ ಕೂತಿದ್ದರು. ನಾನು ಎತ್ತಿ, "ಮೀಟಿಂಗಲ್ಲಿದ್ದೀನಪ್ಪ, ಹೇಗಿದ್ದೀರಿ?" ಎಂದೆ. "ಪರವಾಗಿಲ್ಲ ಕಣೋ" ಎಂದರು. ಎರಡು ಮಾತಿನ ನಡುವೆ ಉಸಿರು ಎಳೆಯುವುದು ನನಗೆ ಕೇಳಿಸಿತು, ಕಾತಿ. ಕೇಳಿಸಿಯೂ ಇಟ್ಟುಬಿಟ್ಟೆ. ಜನರ ಅಭಿಪ್ರಾಯ ಕೇಳುವುದೇ ನನ್ನ ಕಸುಬು. ಅಪ್ಪನನ್ನು ಎರಡನೇ ಪ್ರಶ್ನೆ ಕೇಳಲಿಲ್ಲ. ಅಂದು ಕ್ಯಾಮೆರಾ ಆಫ್ ಮಾಡಿದ್ದು ಅದಕ್ಕೇ. ನಿನ್ನ ಮುಂದೆ ಅಳುವ ಯೋಗ್ಯತೆ ನನಗಿಲ್ಲ ಅನ್ನಿಸಿತ್ತು.

ಬೈಯುವುದಿದ್ದರೆ ಬೈ. ಬಾಗಿಲು ಮಾತ್ರ ತೆಗೆ.

ಶ್ರೀನಾಥ

*

ತ್ಸುಕುಬಾ
೩೦ ಜನವರಿ ೨೦೨೨

ಅಣ್ಣ,

ನೀನು ಇಲ್ಲಿದ್ದ ಐದು ದಿನವೂ ನೆಮೊತೊ ಸಾನ್ ಬಾಗಿಲು ತೆಗೆಯಲಿಲ್ಲ. ನೀನು ಹೋದ ಮೇಲೂ ತೆಗೆಯಲಿಲ್ಲ. ಆರೋಗ್ಯ ಕೇಂದ್ರದವರು ಈಗ ವಾರಕ್ಕೆ ಎರಡು ಸಲ ಬಂದು ಒಳಗೆ ಹೋಗುತ್ತಾರೆ. ಆ ಗುಂಡು ಸಿಕ್ಕ ಮೇಲೆ ಅವರಿಗೂ ಅರ್ಥವಾಗಿದೆ. ಬೆಟ್ಟದಾಚೆಯ ಗೆಳೆಯ ನಾಯಿಯನ್ನು ತಂದು ಬಿಟ್ಟು ಹೋಗಿದ್ದಾರೆ. ನಾನು ಪ್ರತಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅವರ ಮನೆಯ ಮರದ ಕಿಟಕಿ ಬಾಗಿಲುಗಳನ್ನು. ಏಳು ಗಂಟೆಗೆ ಅವು ಸರಿದರೆ ಆಮೇಲೆ ನಾನು ಹಲ್ಲುಜ್ಜುತ್ತೇನೆ.

ನಾನು ಇಟ್ಟು ಬಂದ ಊಟ ಹಾಗೇ ಮೆಟ್ಟಿಲ ಮೇಲೆ ಇರುತ್ತಿತ್ತು. ನಲವತ್ತು ದಿನ ಇಟ್ಟಿದ್ದೇನೆ. ನನಗೆ ನಾಚಿಕೆಯೂ ಇಲ್ಲ, ಅಭಿಮಾನವೂ ಇಲ್ಲ ಎಂದು ಬೀದಿಯವರೆಲ್ಲ ಅಂದುಕೊಂಡಿರಬೇಕು.

ಇವತ್ತು ಬೆಳಿಗ್ಗೆ ಡಬ್ಬಿ ಇಟ್ಟು ತಿರುಗುವಾಗ ಬಾಗಿಲು ತೆರೆಯಿತು. ತೆಳ್ಳಗಾಗಿದ್ದಾರೆ. ಗಡ್ಡ ಬಿಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಹತ್ತಿರ ಗಟ್ಟಿಯಾಗಿ ಮಾತಾಡದವರು ಇವತ್ತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. "ನೀನು ನನ್ನ ಮನೆಗೆ ಪೊಲೀಸರನ್ನು ಕರೆತಂದೆ. ಐವತ್ತು ವರ್ಷ ಒಂದು ತಪ್ಪು ಮಾಡದವನನ್ನು ಕಳ್ಳನ ಹಾಗೆ ನಿಲ್ಲಿಸಿದೆ. ಫುಮಿಕೊನ ಡ್ರಾಯರಿಗೆ ಕೈ ಹಾಕಿಸಿದೆ" ಎಂದರು. "ನಿನ್ನನ್ನು ನಾನು ಯಾವತ್ತೂ ಕ್ಷಮಿಸಲ್ಲ. ನಾಳೆಯೂ ಇಲ್ಲ, ಮುಂದಿನ ವರ್ಷವೂ ಇಲ್ಲ."

ನಾನು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅಪ್ಪ ಹೋದಾಗ ಬಾರದಿದ್ದ ಅಳುವನ್ನೆಲ್ಲ ಅತ್ತೆ. ಮುಂದಿನ ವರ್ಷ ಎಂದರು, ಅಣ್ಣ. ಮುಂದಿನ ವರ್ಷವೂ ಇಲ್ಲ ಎಂದರು.

ಕಾತಿ